ಐದು ಗಿಗಾಹರ್ಟ್ಸಿನ ಭಾವ

ಡ್ರೈವಿಂಗ್ ಮೇಷ್ಟ್ರು ಕಾರನ್ನು ನಲವತ್ತರ ಮೇಲೆ ಓಡಿಸಿದ್ದನ್ನು ಕಂಡವರಿಲ್ಲ. ದಿನವಿಡೀ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲ ಬಳಿ ಇರುವ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡೇ ಇರುವುದು ಅವರ ಕಸುಬು. ಆ ಅಭ್ಯಾಸ ಎಷ್ಟು ಮೈಗೂಡಿತ್ತೆಂದರೆ ಬಸ್ಸಿನಲ್ಲಿ ಕೂತಾಗಲೂ, ಲಿಫ್ಟಿನಲ್ಲಿ ನಿಂತಾಗಲೂ ಅವರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಹೆಂಡತಿ ಊಟ ಸ್ವಲ್ಪ ಬೇಗ ಬೇಗ ಬಡಿಸಿದರೂ ಒತ್ತುತ್ತಿತ್ತು. ಇಂಥ ಮನುಷ್ಯ ಜೀವಮಾನದಲ್ಲಿ ವೇಗದ ಆಸೆ ಪಟ್ಟದ್ದು ಒಂದೇ ಕಡೆ. ಅದು ಮನೆಯ ಮೂಲೆಯ ಕೋಣೆಯಲ್ಲಿದ್ದ ಕಂಪ್ಯೂಟರಿನಲ್ಲಿ.

ಆ ಕಂಪ್ಯೂಟರಿಗೊಂದು ಮದರ್‌ಬೋರ್ಡ್ ಆರಿಸಲು ಅವರು ತೆಗೆದುಕೊಂಡ ಸಮಯದಲ್ಲಿ ಬೇರೆಯವರು ಮನೆ ಕಟ್ಟಿ ಗೃಹಪ್ರವೇಶ ಮುಗಿಸುತ್ತಿದ್ದರು. ಭಾನುವಾರ ಬಂತೆಂದರೆ ಅಂಗಡಿ. ಡಬ್ಬಿ ಬಿಚ್ಚಿಸುವುದು, ಬೋರ್ಡನ್ನು ಅಂಗೈ ಮೇಲೆ ಇಟ್ಟು ತೂಗುವುದು, ಪ್ರೊಸೆಸರಿಗೆ ಕರೆಂಟನ್ನು ಹದ ಮಾಡಿ ಕೊಡುವ ಭಾಗಗಳ ಮೇಲೆ ಕೂರಿಸಿದ ಲೋಹದ ಗಟ್ಟಿಯನ್ನು ಉಗುರಿನಿಂದ ತಟ್ಟಿ ನೋಡುವುದು, ‘ಇನ್ನೊಂದು ತೋರಿಸಿ’ ಎನ್ನುವುದು. ಅಂಗಡಿಯಾಕೆ ಅವರನ್ನು ಬಾಗಿಲಲ್ಲಿ ಕಂಡರೆ ಊಟಕ್ಕೆ ಹೊರಟುಬಿಡುತ್ತಿದ್ದಳು, ಬೆಳಿಗ್ಗೆ ಹತ್ತು ಗಂಟೆಯಾಗಿದ್ದರೂ. ಕೊನೆಗೆ ಅವರು ಆರಿಸಿದ್ದು ಇಡೀ ಅಂಗಡಿಯಲ್ಲೇ ನೋಡಲು ಲಕ್ಷಣವಿಲ್ಲದ, ಕಪ್ಪಗೆ ಭಾರವಾಗಿದ್ದ ಒಂದು ಬೋರ್ಡನ್ನು.

ಆಮೇಲೆ ಓವರ್‌ಕ್ಲಾಕಿಂಗ್. ಎಂದರೆ, ಕಾರ್ಖಾನೆಯವರು ಕೂಡಿಸಿ ಕಳೆದು ಪ್ರೊಸೆಸರಿಗೆ ಗೊತ್ತು ಮಾಡಿದ ವೇಗ ಸಾಲದೆಂದು ಅದನ್ನು ಇನ್ನಷ್ಟು ಜೋರಾಗಿ ಓಡಿಸುವುದು. ಕಾರ್ಖಾನೆ ಕೊಟ್ಟದ್ದು ನಾಲ್ಕು ಪಾಯಿಂಟ್ ಮೂರು ಗಿಗಾಹರ್ಟ್ಸ್. ಮೇಷ್ಟ್ರು ಬೆವರಿಳಿಸಿ, ಉಗುರು ಕಚ್ಚಿ ಅದನ್ನು ಐದಕ್ಕೆ ಮುಟ್ಟಿಸಿದರು.

ಮುಟ್ಟಿಸಿದ್ದೇ ತಡ, ಅವರ ಗ್ರಹಚಾರವೇ ಬದಲಾಯಿತು. ಅಲ್ಲಿಯವರೆಗೆ ಹೆಂಡತಿಯ ತವರಿನಲ್ಲಿ ಅವರನ್ನು ಕೇಳುವವರಿರಲಿಲ್ಲ. ನಾಲ್ಕು ಜನ ಸೇರಿದಲ್ಲಿ ಅವರ ಪಾಲಿಗೆ ಬರುತ್ತಿದ್ದದ್ದು ‘ಸೆಕೆ ಜಾಸ್ತಿ ಅಲ್ವಾ ಭಾವ’ ಎಂಬ ಒಂದು ಮಾತು, ಮತ್ತೆ ಫ್ಯಾನಿನ ಕೆಳಗಲ್ಲದ ಒಂದು ಕುರ್ಚಿ. ಈಗ ಹೆಂಡತಿಯ ತಮ್ಮ, ಕನ್ನಡಕದ ಅಂಗಡಿಯವನು, ಎಲ್ಲರೆದುರು ಅವರಿಗೆ ‘ಐದು ಗಿಗಾಹರ್ಟ್ಸ್ ಭಾವ’ ಎಂದು ಹೆಸರಿಟ್ಟ. ಟಿವಿ ಕೊಳ್ಳುವವರು ಅವರನ್ನು ಕೇಳಿದರು. ಫೋನ್ ಕೊಳ್ಳುವವರು ಕೇಳಿದರು. ಅತ್ತೆಯವರು ಮಿಕ್ಸಿ ಕೊಳ್ಳುವಾಗಲೂ ಅಳಿಯಂದಿರನ್ನೊಂದು ಮಾತು ಕೇಳಿ ಎಂದರು. ಮೇಷ್ಟ್ರು ಕೂರುವ ಭಂಗಿಯೇ ಬೇರೆಯಾಯಿತು.

ಇದೆಲ್ಲ ಕಣ್ಣಾರೆ ಕಂಡವಳು ಅವರ ಹೆಂಡತಿ. ಚಿಕ್ಕಂದಿನಿಂದ ಗಟ್ಟಿಯಾಗಿ ಓದುವ ಚಟವಿದ್ದದ್ದರಿಂದ ತಮ್ಮ ಅವಳನ್ನು ರೇಡಿಯೋ ಅಕ್ಕ ಎನ್ನುತ್ತಿದ್ದ; ಆ ಹೆಸರೇ ನಿಂತಿತು. ಆ ಚಟವೇ ಈಗ ಅವಳ ಕೆಲಸ. ಕಣ್ಣು ಕಾಣದ ಮಕ್ಕಳಿಗಾಗಿ ಶಾಲೆಯ ಪಾಠಗಳನ್ನು ಓದಿ ರೆಕಾರ್ಡ್ ಮಾಡಿ ಕಳಿಸುವುದು. ಮೂಲೆಯ ಕೋಣೆಯ ಗೋಡೆಗೆಲ್ಲ ಹಳೇ ಕಂಬಳಿ ಹೊದಿಸಿ, ಅದೇ ಕಂಪ್ಯೂಟರಿನ ಮುಂದೆ ಮೈಕ್ ಇಟ್ಟುಕೊಂಡು ಓದುತ್ತಿದ್ದಳು.

ಐದಕ್ಕೇರಿದ ಕಂಪ್ಯೂಟರು ಕಾದು ಕೆಂಡವಾಗಿ, ಅದನ್ನು ತಣಿಸಲು ಫ್ಯಾನುಗಳು ಬೊಬ್ಬಿಟ್ಟವು. ‘ಪಾಠ ಓದುವ ಅಕ್ಕ ಜಲಪಾತದ ಪಕ್ಕ ಇರ್ತಾರಾ’ ಎಂದು ಕೇಳಿ ಒಂದು ಹುಡುಗಿ ಫೋನ್ ಮಾಡಿಸಿದಳು. ಒಂದು ದಿನ ಜೀರ್ಣಾಂಗಗಳ ಪಾಠ ಸಣ್ಣ ಕರುಳಿನವರೆಗೆ ಬಂದಿದ್ದಾಗ ಪರದೆ ನೀಲಿಯಾಗಿ, ಬಾಯಿಯಿಂದ ಶುರು ಮಾಡಿ ಅಲ್ಲಿಯವರೆಗೆ ಓದಿದ್ದಷ್ಟನ್ನೂ ಕಂಪ್ಯೂಟರು ನುಂಗಿತು.

“ರೀ, ಇದು ಸ್ವಲ್ಪ ಮೆತ್ತಗೆ ಓಡಿದ್ರೆ ಆಗಲ್ವಾ?” ಎಂದು ಅವಳು ಅಂದು ಸಂಜೆ ಕೇಳಿದಳು.

ಮೇಷ್ಟ್ರ ಮುಖ ಸಣ್ಣದಾಯಿತು. “ಇಳಿಸಬೇಕು ಅಂತೀಯಾ? ಇಳಿಸೋಣ ಬಿಡು. ನಿನ್ನ ಕೆಲಸ ಮುಖ್ಯ” ಎಂದರು, ಮನೆ ಮಾರೋಣ ಎಂದಂತೆ.

ಅವಳಿಗೆ ಕರುಳು ಚುರುಕ್ಕೆಂದಿತು. ಬೇಡ, ಹೇಗೋ ನಡೆಯುತ್ತೆ ಎಂದು ಮಾತು ಮುಗಿಸಿದಳು. ಮರುದಿನ ಗಂಡ ಕೆಲಸಕ್ಕೆ ಹೊರಟ ಮೇಲೆ ಅಂಗಡಿಯಾಕೆಗೆ ಫೋನ್ ಮಾಡಿ, ಯಾವ ಗುಂಡಿ ಒತ್ತಿದರೆ ಕಾರ್ಖಾನೆಯ ವೇಗಕ್ಕೆ ಮರಳುತ್ತದೆಂದು ಕೇಳಿ, ಒತ್ತಿದಳು. ಫ್ಯಾನುಗಳು ಬಾಯಿಗೆ ಬೀಗ ಹಾಕಿದಂತೆ ಸುಮ್ಮನಾದವು.

ಸಂಜೆ ಗೊತ್ತಾಗಿಯೇ ಆಗುತ್ತದೆ, ಆಗ ಸಮಾಧಾನ ಹೇಳಿದರಾಯಿತು ಎಂದುಕೊಂಡಿದ್ದಳು. ಮೇಷ್ಟ್ರು ಬಂದರು, ಕೂತರು, ಒಂದು ಫೋಟೋ ತೆರೆದರು.

“ನೋಡಿದ್ಯಾ? ಕಣ್ಣು ಮಿಟುಕಿಸೋದ್ರೊಳಗೆ ಬಂತು. ಐದು ಅಂದ್ರೆ ಐದೇ ಕಣೇ.”

“ಸದ್ದು ಕಮ್ಮಿಯಾದ ಹಾಗಿದೆ” ಎಂದು ಅವಳೇ ದಾರಿ ಮಾಡಿಕೊಟ್ಟಳು.

“ಹೊಸ ಚಪ್ಪಲಿ ಕೂಡ ಮೊದಲು ಕಚ್ಚುತ್ತೆ, ಆಮೇಲೆ ಹೊಂದಿಕೊಳ್ಳುತ್ತೆ. ಬೋರ್ಡ್ ಒಳ್ಳೇದಿದ್ರೆ ಹೀಗೇ.”

ಅಲ್ಲಿಗೆ ಅವಳು ಉಸಿರೆತ್ತಲಿಲ್ಲ. ಚೆನ್ನಾಗಿ ಓಡುವುದನ್ನು ಕೆದಕಬಾರದೆಂಬುದು ಮೇಷ್ಟ್ರ ಡ್ರೈವಿಂಗ್ ಶಾಲೆಯ ನಿಯಮವಾದ್ದರಿಂದ ಅವರು ವೇಗ ಗೊತ್ತು ಮಾಡುವ ಆ ಸೆಟಪ್ ಪರದೆಯತ್ತ ತಲೆ ಹಾಕಲಿಲ್ಲ. ಎರಡು ವರ್ಷ ಕಳೆಯಿತು. ಪಾಠಗಳು ನೆಮ್ಮದಿಯಾಗಿ ಸಾಗಿದವು, ಜೀರ್ಣಾಂಗಗಳು ಮುಗಿದು ಸೌರಮಂಡಲ ಬಂತು, ಮೇಷ್ಟ್ರ ಗತ್ತೂ ಹಾಗೇ ಇತ್ತು.

ಆಗ ತಮ್ಮನ ಫೋನ್ ಬಂತು.

“ಭಾವ, ನಿಮ್ಮ ಮಾತು ಕೇಳಿ ನಾನೂ ಕಂಪ್ಯೂಟರ್ ಕಟ್ಟಿಸಿದೆ. ಅದೇ ಪ್ರೊಸೆಸರ್. ಐದಕ್ಕೆ ಇಟ್ರೆ ಎರಡು ನಿಮಿಷ ನಿಲ್ಲಲ್ಲ, ಸತ್ತೇ ಹೋಗುತ್ತೆ. ಭಾನುವಾರ ಹೊತ್ಕೊಂಡು ಬರ್ತೀನಿ. ನಿಮ್ಮದರ ಸೆಟಪ್ ತೆಗೀರಿ, ಇದ್ದದ್ದು ಇದ್ದ ಹಾಗೆ ನೋಡಿ ಬರ್ಕೊಳ್ತೀನಿ.”

“ಬಾ ಬಾ” ಎಂದರು ಮೇಷ್ಟ್ರು, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ.

ಸ್ಪೀಕರಿನಲ್ಲಿ ಬಂದ ಈ ಮಾತನ್ನು ಬಾಗಿಲಲ್ಲಿ ನಿಂತಿದ್ದ ರೇಡಿಯೋ ಅಕ್ಕನೂ ಕೇಳಿಸಿಕೊಂಡಳು. ತಮ್ಮನ ನಾಲಗೆ ಅವಳಿಗೆ ಗೊತ್ತಿಲ್ಲದ್ದೇ? ಪರದೆಯ ಮೇಲೆ ನಾಲ್ಕು ಪಾಯಿಂಟ್ ಮೂರು ಕಂಡರೆ ಸಾಕು, ಸೋಮವಾರದೊಳಗೆ ಬಂಧುಬಳಗಕ್ಕೆಲ್ಲ ಸುದ್ದಿ. ತನ್ನ ಗಂಡ ಮತ್ತೆ ಫ್ಯಾನಿಲ್ಲದ ಕುರ್ಚಿಗೆ ಹೋಗಿ ಕೂರಬೇಕು, ಅದೂ ಸುಳ್ಳುಗಾರನೆಂಬ ಹೆಸರಿನ ಜೊತೆ. ಅವರು ಹೇಳಿದ್ದು ಸುಳ್ಳೂ ಅಲ್ಲ. ಸುಳ್ಳು ಮಾಡಿದವಳು ಇವಳು. ನಿಜ ಹೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಅವರು ಶಿಳ್ಳೆ ಹಾಕುತ್ತ ಪರದೆ ಒರೆಸುತ್ತಿದ್ದರು.

ಸರಿ, ಇಳಿಸಿದವಳೇ ಏರಿಸಬೇಕು ಎಂದು ನಿರ್ಧರಿಸಿದಳು.

ಮರುದಿನ ಗಂಡ ಹೋಗುತ್ತಲೇ ಸೆಟಪ್ ತೆರೆದು ಐವತ್ತು ಎಂದು ಒತ್ತಿದಳು. ನೂರು ಮೆಗಾಹರ್ಟ್ಸಿನ ಐವತ್ತು ಪಟ್ಟು ಎಂದರೆ ಐದು ಗಿಗಾಹರ್ಟ್ಸ್. ಅಷ್ಟು ಅಂಗಡಿಯಾಕೆ ಫೋನಿನಲ್ಲಿ ತಿಳಿಸಿದ್ದಳು. ಪರದೆ ಕಪ್ಪಾಯಿತು. ಮತ್ತೆ ಬಂತು. ಮತ್ತೆ ಕಪ್ಪಾಯಿತು.

“ವೋಲ್ಟೇಜ್ ಕೊಡದೆ ಓಡು ಅಂದ್ರೆ ಯಾರು ಓಡ್ತಾರೆ?” ಎಂದಳು ಅಂಗಡಿಯಾಕೆ. “ಚೂರು ಏರಿಸಿ. ಅದನ್ನು ಪೂರಾ ದುಡಿಸಿ ನೋಡೋ ಪರೀಕ್ಷೆ ಓಡಿಸಿ. ಬಿಸಿ ಎಷ್ಟಾಗುತ್ತೆ ನೋಡ್ತಾ ಇರಿ. ಕೈ ಬಿಚ್ಚಿ ಕೊಡಬೇಡಿ, ಸುಟ್ಟು ಹೋಗುತ್ತೆ.”

ಚೂರು ಏರಿಸಿದಳು. ನೀಲಿ ಪರದೆ. ಇನ್ನೊಂದು ಚೂರು. ಪರೀಕ್ಷೆ ಕಾಲು ಗಂಟೆ ನಡೆದು ಕೈಕೊಟ್ಟಿತು. ಆ ವಾರ ಸೌರಮಂಡಲದಲ್ಲಿ ಬುಧ ಗ್ರಹವನ್ನು ದಾಟಿ ಅವಳು ಮುಂದೆ ಹೋಗಲಿಲ್ಲ. ಒಲೆಯ ಮೇಲೆ ಕುಕ್ಕರು ಎಷ್ಟು ಸಲ ಕೂಗಿತೆಂಬುದು ಅವಳಿಗೆ ತಿಳಿಯದು. ಪ್ರೊಸೆಸರಿನ ಬಿಸಿ ಎಷ್ಟೆಂಬುದು ಮಾತ್ರ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು. ‘ನಿಂತ್ಕೋ ನನ್ನಪ್ಪ, ಇನ್ನೊಂದು ಸ್ವಲ್ಪ’ ಎಂದು ಅದನ್ನು ಮುದ್ದಿಸಿದಳು, ಬಿದ್ದಾಗ ‘ದರಿದ್ರದ್ದು’ ಎಂದು ಬೈದಳು. ಗುರುವಾರ ಮಧ್ಯಾಹ್ನ ಪರೀಕ್ಷೆ ಪೂರಾ ಮುಗಿಯಿತು. ಐದು, ಅಲುಗದೆ ನಿಂತಿತ್ತು.

ಅಲ್ಲಿಗೆ ಕೈ ತೊಳೆದುಕೊಂಡು ಏಳಬೇಕಾಗಿತ್ತು. ಆದರೆ ಅಷ್ಟರಲ್ಲಿ ಅವಳಿಗೆ ಹುಚ್ಚು ಹಿಡಿದಿತ್ತು. ಐವತ್ತು ನಿಂತದ್ದು ಐವತ್ತೊಂದು ಯಾಕೆ ನಿಲ್ಲಬಾರದು? ಸುಮ್ಮನೆ ನೋಡೋಣ, ನೋಡಿ ಇಳಿಸಿಬಿಡೋಣ ಎಂದು ಶುಕ್ರವಾರ ಹಟಕ್ಕೆ ಬಿದ್ದಳು. ನಿಂತೇ ನಿಂತಿತು. ಆ ಗಳಿಗೆಯಲ್ಲೇ ಬಾಗಿಲು ಸದ್ದಾಯಿತು. ಕಲಿಯುವವರೊಬ್ಬರು ಕಾರನ್ನು ಗೋಡೆಗೆ ಮುಟ್ಟಿಸಿದ್ದರಿಂದ ಮೇಷ್ಟ್ರು ಬೇಗ ಮನೆಗೆ ಬಂದಿದ್ದರು. ಶನಿವಾರ ಕಾರು ಗ್ಯಾರೇಜಿನಲ್ಲಿ, ಮೇಷ್ಟ್ರು ಕಂಪ್ಯೂಟರಿನ ಮುಂದೆ. ಇಳಿಸಲು ಅವಳಿಗೆ ಪುರುಸೊತ್ತೇ ಸಿಗಲಿಲ್ಲ.

ಫ್ಯಾನುಗಳು ಹೋ ಎನ್ನುತ್ತಿದ್ದವು. ಮೇಷ್ಟ್ರು ಫೋಟೋ ತೆರೆದು ಹುಬ್ಬು ಗಂಟಿಕ್ಕಿದರು.

“ಏನೋ ಗಲಾಟೆ ಮಾಡ್ತಿದೆ. ಯಾಕೋ ಮೊದಲಿನ ಹಾಗೆ ಇಲ್ಲ ಕಣೇ, ನಿಧಾನ ಆಗಿದೆ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಭಾನುವಾರ ತಮ್ಮ ತನ್ನ ಕಂಪ್ಯೂಟರ್ ಡಬ್ಬಿಯನ್ನು ಹೊತ್ತು ತಂದು ಮೇಜಿನ ಮೇಲಿಟ್ಟ. ಅದರ ಗಾಜಿನ ಬದಿಯೊಳಗೆ ಕೆಂಪು ಹಸಿರು ನೀಲಿ ದೀಪಗಳು ಸರದಿಯ ಮೇಲೆ ಕಣ್ಣು ಹೊಡೆದವು. ಕಾಫಿಯನ್ನೂ ಮುಗಿಸದೆ, “ತೆಗೀರಿ ಭಾವ ಸೆಟಪ್ಪು” ಎಂದ.

ಮೇಷ್ಟ್ರು ಗತ್ತಿನಿಂದ ಗುಂಡಿ ಒತ್ತಿದರು. ಪರದೆಯ ಮೇಲೆ ಐದು ಪಾಯಿಂಟ್ ಒಂದು ಎಂದು ಬಂತು.

ಮೇಷ್ಟ್ರ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿತು. ತಮ್ಮನೋ ಬಾಯಿ ಬಿಟ್ಟುಕೊಂಡು ಪರದೆಯ ಹತ್ತಿರ ಬಾಗಿದ.

“ಐದು ಅಂದಿದ್ರಿ. ಇದು ಐದು ಪಾಯಿಂಟ್ ಒಂದು. ಹೇಳಲೇ ಇಲ್ಲ ನೀವು.”

‘ಹೌದು ಅನ್ನಿ, ಹೌದು ಅಂದುಬಿಡಿ’ ಎಂದು ಬಾಗಿಲಲ್ಲಿದ್ದ ರೇಡಿಯೋ ಅಕ್ಕ ಕಣ್ಣಲ್ಲೇ ಬೇಡಿಕೊಂಡಳು. ಮೇಷ್ಟ್ರು ಆ ಅಂಕಿಯನ್ನು ಬಹಳ ಹೊತ್ತು ನೋಡಿದರು.

“ಹೇಳ್ಕೊಳ್ಳೋದು ಯಾಕೆ ಅಂತ ಸುಮ್ಮನಿದ್ದೆ” ಎಂದರು.

ಅವಳು ಬಯಸಿದ್ದು ಇದನ್ನೇ. ವಾರವಿಡೀ ಒದ್ದಾಡಿದ್ದು ಇದಕ್ಕೇ. ಆದರೂ ಆ ಮಾತು ಕಿವಿಗೆ ಬಿದ್ದಾಗ ಎಲ್ಲೋ ಒಂದು ಕಡೆ ಚುಚ್ಚಿತು. ಇರಲಿ, ನುಂಗಿಕೊಂಡರಾಯಿತು ಎಂದುಕೊಂಡಳು.

“ಪರೀಕ್ಷೆಗೆ ಹಾಕಿದಾಗ ಬಿಸಿ ಎಷ್ಟಕ್ಕೆ ಹೋಗುತ್ತೆ?” ಎಂದು ಪೆನ್ನು ತೆಗೆದ ತಮ್ಮ.

“ಅದು... ತೊಂಬತ್ತೈದು ಹತ್ತಿರ ಇರಬಹುದು.”

“ಎಂಬತ್ತೆರಡು ದಾಟೋದಿಲ್ಲ” ಎಂದಳು ರೇಡಿಯೋ ಅಕ್ಕ.

ಇಬ್ಬರೂ ತಿರುಗಿ ನೋಡಿದರು. ಅವಳು ನಾಲಗೆ ಕಚ್ಚಿಕೊಂಡಳು. ಅಷ್ಟು ಮುದ್ದಿಸಿ ನಿಲ್ಲಿಸಿದ್ದರ ಮೇಲೆ ತೊಂಬತ್ತೈದು ಎಂಬ ಅಪವಾದ ಹೊರಿಸಿದರೆ ಯಾರಿಗೆ ತಾನೇ ತಡೆದುಕೊಳ್ಳಲಾಗುತ್ತದೆ?

ಮೇಷ್ಟ್ರು ಮೆಲ್ಲಗೆ ಕೇಳಿದರು: “ಇದು ನೀನಾ?”

ಇನ್ನು ಮುಚ್ಚಿಡಲು ಏನೂ ಇರಲಿಲ್ಲ. ಸಣ್ಣ ಕರುಳಿನಿಂದ ಹಿಡಿದು ಬುಧ ಗ್ರಹದವರೆಗೆ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಪ್ರಸಿದ್ಧ ದನಿ ಕ್ಷೀಣವಾಯಿತು.

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಂದ್ರೆ ಎರಡು ವರ್ಷ ನಾಲ್ಕು ಪಾಯಿಂಟ್ ಮೂರರಲ್ಲೇ ಕೂತು ನಮಗೆಲ್ಲ ಉಪದೇಶ ಮಾಡಿದ್ರಾ ಭಾವ?”

“ಬಾಯ್ಮುಚ್ಚೋ” ಎಂದಳು ಅವಳು. ಅವಳ ಕಣ್ಣಲ್ಲಿ ನೀರು ಬಂದಿತ್ತು.

ಮೇಷ್ಟ್ರು ಎದ್ದು ತಮ್ಮನ ಡಬ್ಬಿಯ ಹತ್ತಿರ ಹೋದರು. ಗಾಜನ್ನು ತೆಗೆದರು. ಬೋರ್ಡಿನ ಮೇಲೆ ಮಿರಿಮಿರಿ ಹೊಳೆಯುತ್ತಿದ್ದ ಗಟ್ಟಿಯನ್ನು ಉಗುರಿನಿಂದ ತಟ್ಟಿದರು. ಟಪ್ ಟಪ್ ಎಂದಿತು.

“ಇದು ನಾನು ಹೇಳಿದ ಬೋರ್ಡ್ ಅಲ್ವಲ್ಲಪ್ಪಾ.”

ತಮ್ಮನ ನಗು ಅರ್ಧಕ್ಕೇ ನಿಂತಿತು. “ನೀವು ಹೇಳಿದ್ದು ಚೆನ್ನಾಗಿರಲಿಲ್ಲ ಭಾವ. ದೀಪಾನೇ ಇರಲಿಲ್ಲ. ಅದೇ ರೇಟಿಗೆ ಇದು ಸಿಕ್ತು.”

“ಇದು ಪ್ಲಾಸ್ಟಿಕ್ಕು. ಒಳಗೆ ಲೋಹ ಇಲ್ಲ. ಪ್ರೊಸೆಸರ್ ಕರೆಂಟ್ ಕೇಳಿದ ಕೂಡಲೆ ಇವು ಕಾದು ಕೈ ಚೆಲ್ಲುತ್ತವೆ. ನಾಲ್ಕೂವರೆಗೆ ಇಡು, ಸುಖವಾಗಿರುತ್ತೆ. ಯಾರೂ ಕೇಳಲ್ಲ.” ಆಮೇಲೆ ಗಾಜನ್ನು ಮತ್ತೆ ಕೂರಿಸುತ್ತ ಹೇಳಿದರು: “ನಾಳೆ ಎಲ್ಲರಿಗೂ ನೀನು ಹೇಳೋದಕ್ಕೆ ಮುಂಚೆ ನಾನೇ ಹೇಳ್ತೀನಿ. ನನ್ನ ಐದು ನಿಲ್ಲಲಿಲ್ಲ. ನಿಂತದ್ದು ಐದು ಪಾಯಿಂಟ್ ಒಂದು, ಅದೂ ನಿಮ್ಮಕ್ಕಂದು.”

ಯಾವತ್ತೂ ಬ್ರೇಕಿನ ಮೇಲಿಂದ ಕಾಲು ತೆಗೆಯದ ಮನುಷ್ಯ ಇಷ್ಟು ದೊಡ್ಡ ಮಾತನ್ನು ಇಷ್ಟು ಹಗುರವಾಗಿ ಆಡಿದ್ದು ಕಂಡು ಅವಳು ದಂಗಾದಳು. ಆ ಅಂಕಿ ಹೋದರೆ ಇವರು ಕುಸಿಯುತ್ತಾರೆಂದು ಅವಳು ಎರಡು ವರ್ಷ ಹೆದರಿದ್ದಳು. ಅವರು ಕುಸಿಯಲಿಲ್ಲ. ಅವಳಿಗೆ ಗಂಡನ ಮೇಲೆ ಪ್ರೀತಿ ಉಕ್ಕಿ ಬಂತು, ಜೊತೆಗೆ ತನ್ನ ಬಗ್ಗೆ ನಾಚಿಕೆಯೂ ಆಯಿತು.

“ನಿಲ್ಲಿಸಿದ್ದು ನಾನಿರಬಹುದು. ನಿಂತಿದ್ದು ಅವರು ಆರಿಸಿದ ಬೋರ್ಡಿನಿಂದ” ಎಂದು ತಮ್ಮನಿಗೆ ಹೇಳಿದಳು. ಅದು ಸಮಾಧಾನದ ಮಾತಾಗಿರಲಿಲ್ಲ. ಆ ವಾರ ಅವಳು ಕಂಡುಕೊಂಡ ಸತ್ಯವಾಗಿತ್ತು.

ತಮ್ಮ ತನ್ನ ದೀಪದ ಡಬ್ಬಿಯನ್ನು ಹೊತ್ತುಕೊಂಡು ಹೊರಟ ಮೇಲೆ ಗಂಡ ಹೆಂಡತಿ ಇಬ್ಬರೂ ಮೂಲೆಯ ಕೋಣೆಗೆ ಮರಳಿದರು. ಫ್ಯಾನುಗಳು ಹಾಗೇ ಹೊಯ್ಕೊಳ್ಳುತ್ತಿದ್ದವು.

“ನಂಗೆ ಹೇಳಬಹುದಿತ್ತು” ಎಂದರು ಮೇಷ್ಟ್ರು.

“ನೀವು ಅಷ್ಟು ಖುಷಿಯಾಗಿದ್ರಿ.”

“ಅದೂ ನಿಜ” ಎಂದು ಅವರು ಕುರ್ಚಿ ಎಳೆದುಕೊಂಡರು. “ನಾಳೆ ನೀನು ಓದಬೇಕು. ಈ ಸದ್ದಲ್ಲಿ ಆಗೋದಿಲ್ಲ. ನಾನೇ ಇಳಿಸ್ತೀನಿ, ಯಾವ ಗುಂಡಿ ಹೇಳು.”

ಅವಳು ಹೇಳಿದಳು. ಮೇಷ್ಟ್ರು ಬೆರಳನ್ನು ಗುಂಡಿಯ ಮೇಲಿಟ್ಟರು. ಪರದೆಯಲ್ಲಿ ಐದು ಪಾಯಿಂಟ್ ಒಂದು ಇನ್ನೂ ಬೆಳಗುತ್ತಿತ್ತು.

“ಒಂದು ನಿಮಿಷ ರೀ” ಎಂದು ಅವಳು ಒಳಕ್ಕೆ ಓಡಿ ಫೋನ್ ತಂದಳು. ಪರದೆಯ ಎದುರು ನಿಂತು ಒಂದು ಫೋಟೋ ತೆಗೆದಳು. ಸರಿ ಬರಲಿಲ್ಲವೆಂದು ಬಗ್ಗಿ ಇನ್ನೊಂದು ತೆಗೆದಳು.

“ಯಾರಿಗೆ ಕಳಿಸ್ತೀಯಾ?”

“ಎಲ್ಲರಿಗೂ” ಎಂದಳು ಅವಳು.