ಮಗಳು ಮಾಡಿದ ಹೋಳಿಗೆ

ಸುಳ್ಳು ಹೇಳಬೇಕೆಂದು ಕೊಟ್ಟೂರೇಶ ಆವತ್ತು ಹರಿಹರಕ್ಕೆ ಹೋಗಿರಲಿಲ್ಲ. ಕುಡಿತ ಬಿಟ್ಟು ವರ್ಷ ತುಂಬಿತ್ತು, ಅಷ್ಟೇ. ಅಲ್ಲಿನ ಶಾಲೆಯೊಂದರ ಕೋಣೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಕುಡಿತ ಬಿಟ್ಟವರೂ ಬಿಡಲು ಒದ್ದಾಡುತ್ತಿರುವವರೂ ಸೇರಿ ತಮ್ಮ ಕಥೆ ಹೇಳಿಕೊಳ್ಳುತ್ತಿದ್ದರು. ವರ್ಷ ತುಂಬಿದವರಿಗೆ ಒಂದು ಪದಕ. ಅದನ್ನು ಮನೆಯವರೇ ಬಂದು ಕೈಗಿಡಬೇಕು ಎಂಬುದು ಅಲ್ಲಿಯ ಪದ್ಧತಿ.

ಕೊಟ್ಟೂರೇಶನ ಕಡೆಯಿಂದ ಬರಲು ಯಾರಿದ್ದರು? ಹೆಂಡತಿ ಶಾಂತಕುಮಾರಿ ತೀರಿಕೊಂಡಿದ್ದಳು. ಅವಳ ಮಣ್ಣಿಗೂ ಕುಡಿದೇ ಬಂದ ಪುಣ್ಯಾತ್ಮ ಅವನು. ಗುಂಡಿಯ ಅಂಚಿನಲ್ಲಿ ಮುಗ್ಗರಿಸಿ ಬಿದ್ದಾಗ ನೆಂಟರು ಎತ್ತಿ ಆಚೆ ಕೂರಿಸಿದ್ದರು. ಆವತ್ತು ಮಾತು ಬಿಟ್ಟ ಒಬ್ಬಳೇ ಮಗಳು ಅಂಕಿತಾ ಇರುವುದು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ, ಅಪ್ಪನ ಮಂಡಕ್ಕಿ ಅಂಗಡಿಯಿಂದ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷ ಎಷ್ಟು ದೂರವೆಂದು ಅವನನ್ನೇ ಕೇಳಬೇಕು.

"ಮನೆಯವರು ಯಾರಾದ್ರೂ ಬಂದಾರೇನ್ರಿ?" ಎಂದು ಸಭೆ ನಡೆಸುವ ಕೆಂಚವೀರಪ್ಪ ಕೇಳಿದರು. ಎಲ್ಲರೂ ಅವನ ಕಡೆ ತಿರುಗಿದರು. ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿಯಿತ್ತು, ಬರುವಾಗ ಅಂಗಡಿಯಲ್ಲಿ ಕೊಂಡು ತುಂಬಿಸಿದ್ದು.

"ಮಗಳಿಗೆ ಬರೋಕೆ ಆಗ್ಲಿಲ್ರಿ," ಎಂದುಬಿಟ್ಟ. "ಆದ್ರೆ ಈಗ ಮಾತಾಡ್ತಾಳೆ. ತಾನೇ ಹೋಳಿಗೆ ಮಾಡಿ ಕಳ್ಸ್ಯಾಳೆ."

ಕೋಣೆಯ ತುಂಬ ಚಪ್ಪಾಳೆ. ಒಬ್ಬ ಮುದುಕ ಹೋಳಿಗೆಯನ್ನು ಕಣ್ಣಿಗೊತ್ತಿಕೊಂಡು ತಿಂದ. ಅಂಥ ಸುಳ್ಳನ್ನು ವಾಪಸು ಪಡೆಯುವ ಎದೆಗಾರಿಕೆ ಯಾರಿಗಿರುತ್ತದೆ? ಮುಂದೆ ವರ್ಷ ವರ್ಷವೂ ಡಬ್ಬಿ ಬಂತು, ಮಗಳ ಮಾತುಗಳೂ ಬೆಳೆದವು. ನಾಲ್ಕು ಜನಕ್ಕೆ ಧೈರ್ಯ ಬರಲಿ ಅಂತಲೇ ಹೇಳುವುದು ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡ. ನಿಜವೆಂದರೆ, ವಾರಕ್ಕೊಂದು ಗಂಟೆ ಮಗಳಿರುವ ಅಪ್ಪನಾಗಿರುವುದು ಅವನಿಗೆ ಹಿತವಾಗಿತ್ತು.

ಆ ಕಥೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವನು ಹರಿಹರದ ಟ್ರ್ಯಾಕ್ಟರ್ ಮೆಕ್ಯಾನಿಕ್ ಯೋಗರಾಜ್. ಅವನ ಕುಡಿತಕ್ಕೆ ಬೇಸತ್ತ ಹೆಂಡತಿ ಲತಾ ಮಲೆಬೆನ್ನೂರಿನ ತವರು ಸೇರಿದ್ದಳು.

"ಸರ್, ನಿಮ್ಮ ಮಗಳು ಎಷ್ಟು ದಿನಕ್ಕೆ ಮಾತಾಡಿದ್ಲು?"

"ಒಂದು ವರ್ಷಕ್ಕಪ್ಪ," ಎಂದ ಕೊಟ್ಟೂರೇಶ.

ಆ ಒಂದು ವರ್ಷವನ್ನು ಯೋಗರಾಜ್ ಹಲ್ಲು ಕಚ್ಚಿಕೊಂಡು ಕಳೆದ. ವರ್ಷ ತುಂಬಿದ ಭಾನುವಾರ ಇಸ್ತ್ರಿ ಅಂಗಿ ತೊಟ್ಟು ಬಾಗಿಲ ಕಡೆ ಮುಖ ಮಾಡಿ ಕೂತ. ಲತಾ ಬರಲಿಲ್ಲ. ಪದಕವನ್ನು ಕೊಟ್ಟೂರೇಶನೇ ಕೈಗಿಟ್ಟ. ಆಗಲಾದರೂ ನಿಜ ಹೇಳಬಹುದಿತ್ತು. ಹೇಳದೆ ಭುಜ ತಟ್ಟಿ, "ಬರ್ತಾಳೆ ಬಿಡೋ," ಎಂದ. ಸಂಜೆ ಯೋಗರಾಜ್ ಕುಡಿದು ಮಲೆಬೆನ್ನೂರಿಗೆ ಬೈಕ್ ಹತ್ತಿದ. ಬೈಕು ನಾಲೆಯಲ್ಲಿ ಸಿಕ್ಕಿತು. ಅವನು ಸಿಕ್ಕಿದ್ದು ಮಾರನೆಯ ದಿನ.

ತಿಂಗಳ ಮೇಲೆ ಒಂದು ಭಾನುವಾರ, ಸಭೆ ಶುರುವಾಗುವ ಮೊದಲೇ ಲತಾ ಬಂದಳು. ಕೊಟ್ಟೂರೇಶನಿಗೆ ಐದು ವರ್ಷ ತುಂಬಿದ ದಿನ ಅದು. ಡಬ್ಬಿ ತೊಡೆಯ ಮೇಲಿತ್ತು.

"ಹೋಳಿಗೆ ಸರ್ ಅಂದ್ರೆ ನೀವೇನ್ರಿ?"

"ಹೌದಮ್ಮಾ. ಕೂತ್ಕೋ."

ಅವಳು ಕೂರಲಿಲ್ಲ. "ನಿಮ್ಮ ಮಗಳ ನಂಬರ್ ಕೊಡ್ರಿ. ಆಕಿನ ಒಂದು ಮಾತು ಕೇಳ್ಬೇಕು."

"ಏನಮ್ಮಾ?"

"ಹೆಂಗೆ ಕ್ಷಮಿಸಿದ್ಲು ಅಂತ. ನನ್ನ ಕೈಲಿ ಆಗ್ಲಿಲ್ಲ. ಆವತ್ತು ಬಂದಿದ್ರೆ ಅವ್ರು ಉಳೀತಿದ್ರು."

ನಂಬರ್ ಬದಲಾಗಿದೆ ಎನ್ನಬಹುದಿತ್ತು. ನಾಲ್ಕು ವರ್ಷದ ರೂಢಿ, ನಾಲಿಗೆ ತುದಿಯಲ್ಲೇ ಇತ್ತು. ಆದರೆ ಅವನ ಸುಳ್ಳನ್ನು ಈ ಹೆಣ್ಣು ತನ್ನ ತಪ್ಪೆಂದು ಹೊತ್ತು ತಿರುಗುತ್ತಿದ್ದಳು. ಅದನ್ನು ನೋಡಿಯೂ ಮತ್ತೊಂದು ಸುಳ್ಳು ಹೇಳುವಷ್ಟು ಕಲ್ಲಾಗಲು ಅವನಿಂದಾಗಲಿಲ್ಲ.

"ಆಕಿ ಕ್ಷಮಿಸಿಲ್ಲಮ್ಮಾ. ಮಾತೂ ಆಡಿಲ್ಲ. ಹೋಳಿಗೆ ಅಂಗಡೀದು. ನಿಂದೇನೂ ತಪ್ಪಿಲ್ಲ, ವರ್ಷಕ್ಕೆ ಎಲ್ಲ ಸರಿ ಹೋಗ್ತೈತೆ ಅಂತ ನಂಬಿಸಿದೋನು ನಾನು."



"ಆವತ್ತು ಸಂಜೆ ಅವ್ರು ಫೋನ್ ಮಾಡಿದ್ರು," ಎಂದಳು. "ಸರ್ ಮಗಳಿಗಿರೋ ಕರುಣೆ ನಿನಗಿಲ್ವಲ್ಲೇ, ಅಂದ್ರು. ಕೊನೇ ಮಾತು ಅದೇ."

ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಟುಹೋದಳು. ಕೊಟ್ಟೂರೇಶನಿಗೆ ಐದು ವರ್ಷದಲ್ಲಿ ಮೊದಲ ಸಲ, ಈಗಲೇ ಎದ್ದು ಹೋಗಿ ಕುಡಿಯಬೇಕೆನಿಸಿತು. ಕುರ್ಚಿಯ ಅಂಚು ಹಿಡಿದು ಕೂತ.

ಜನ ಸೇರಿದರು. ಕೆಂಚವೀರಪ್ಪ ಪದಕ ಹಿಡಿದು ನಗುತ್ತ ನಿಂತರು. ಡಬ್ಬಿಯ ಗುರುತಿದ್ದವರು ಆಗಲೇ ಕೈ ಒರೆಸಿಕೊಳ್ಳುತ್ತಿದ್ದರು.

"ಮನೆಯವರು ಯಾರಾದ್ರೂ ಬಂದಾರೇನ್ರಿ?"

ಕೊಟ್ಟೂರೇಶ ಎದ್ದು ನಿಂತ.

"ಇಲ್ರಿ," ಎಂದ. "ಯಾವತ್ತೂ ಯಾರೂ ಬಂದಿಲ್ಲ."