ಮೂರು ಔಷಧಗಳ ವರ್ಷ

ಮಲೇಷ್ಯಾದ ಮೆಲಾಕಾ ಊರಿನ ಕನ್ನಡ ಕುಟುಂಬಗಳ ಸಭೆಯಲ್ಲಿ ಡಾಕ್ಟರ್ ಭಾನುಮತಿ ೧೯೯೬ರ ವೈದ್ಯಕೀಯ ಸಾಧನೆಗಳ ಬಗ್ಗೆ ಭಾಷಣ ಮಾಡಿದರು. ಆ ವರ್ಷ ಮೂರು ಔಷಧ ಒಟ್ಟಿಗೆ ಕೊಡಲು ಶುರುಮಾಡಿದ ಮೇಲೆ ಎಚ್‌ಐವಿ ಬಂದವರು ಸಾಯಲೇಬೇಕೆಂಬ ಕಾಲ ಮುಗಿಯಿತು, ಅಂಥವರು ಬೇಯಿಸಿದ್ದನ್ನು ತಿನ್ನಲು ಹೆದರುವವನು ಶತದಡ್ಡ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನ್ನ ಅವ್ವನ ಕಣ್ಣು ತುಂಬಿತು. ನಾಲ್ಕು ವರ್ಷದಿಂದ ಆ ಡಾಕ್ಟರ ಮನೆಯಲ್ಲಿ ಅಡುಗೆ ಮಾಡುತ್ತಿರುವವಳು ಅವಳೇ. ಅಂದಿನ ಊಟವೂ ಅವಳದೇ.

ಬಡಿಸುವಾಗ ಅವ್ವ ಬಗ್ಗಿ ಮೆಲ್ಲಗೆ ಹೇಳಿದಳು: “ಮೇಡಂ, ಆ ಗುಳಿಗಿ ನಾನೂ ನುಂಗ್ತೀನ್ರಿ. ನನ್ನ ಗಂಡ ಕೊಟ್ಟು ಹೋದ ರೋಗ. ಇವತ್ತ ನಿಮ್ಮ ಮಾತು ಕೇಳಿ ಹೇಳಾಕ ಧೈರ್ಯ ಬಂತು.”

ಡಾಕ್ಟರ ಬಾಯಿಯ ಹತ್ತಿರ ಬಂದಿದ್ದ ಚಮಚ ತಟ್ಟೆಗೆ ವಾಪಸಾಯಿತು.

“ನೀನು ಬಡಿಸ್ಬೇಡ ಹೊನ್ನಮ್ಮ, ಹೊರಗೆ ಹೋಗು. ಯಾರಾದ್ರೂ ಪ್ಲೀಸ್, ಎಲ್ಲರಿಗೂ ಆ ಮಾಮಕ್ ಹೋಟೆಲಿನಿಂದ ಊಟ ತಪಾವ್ ಮಾಡಿಸಿ, ಪಾರ್ಸೆಲ್ ತನ್ನಿ.”

ನೀರು ಬಡಿಸುತ್ತಿದ್ದ ನಾನು ತಂಬಿಗೆ ಕೆಳಗಿಟ್ಟೆ. “ಡಾಕ್ಟ್ರೇ, ಈಗ ಯಾರು ಶತದಡ್ಡ?” ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ.

ಅವ್ವ ನನ್ನ ಕೆನ್ನೆಗೆ ಬಾರಿಸಿದಳು. “ಹೊಟ್ಟ್ಯಾಗ ಹಾಕ್ಕೊಳ್ರಿ ಮೇಡಂ, ಸಾಲಿ ಕಲೀದ ಹುಡುಗ” ಎಂದು ಕೈಮುಗಿದು, ನಸುಕಿನಿಂದ ನಿಂತು ಬೇಯಿಸಿದ್ದ ಬಿಸಿಬೇಳೆಬಾತನ್ನು ತಾನೇ ಕಸದ ಡಬ್ಬಿಗೆ ಸುರಿದಳು.