ಮರ್ಯಾದಸ್ಥ ಕುಡುಕರ ಸಭೆ

ಕುಡಿತ ಬಿಡುತ್ತೇನೆ ಎಂದು ನಾನು ಬಾಯಿಬಿಟ್ಟದ್ದೇ ತಡ, ನಮ್ಮವರೆಲ್ಲ ಬಾಡಿಗೆ ಮನೆ ಹುಡುಕುವವರ ಹಾಗೆ ಸಭೆ ಹುಡುಕಲು ಹೊರಟರು. ಬಿಡಬೇಕೆನ್ನುವವರು ವಾರಕ್ಕೊಮ್ಮೆ ಒಟ್ಟಿಗೆ ಕೂತು ತಂತಮ್ಮ ಪಾಡು ಹೇಳಿಕೊಳ್ಳುವ ಇಂಥ ಸಭೆಗಳು ನಮ್ಮೂರಲ್ಲಿ ಮೂರಿವೆ. ಹುಡುಕಾಟದ ಮುಂದಾಳು ನಮ್ಮಕ್ಕ. ಅವಳು ಹೈಸ್ಕೂಲಿನ ಹೆಡ್‌ಮಿಸ್ಸು, ಯಾವುದನ್ನೂ ತಪಾಸಣೆ ಮಾಡದೆ ಬಿಟ್ಟವಳಲ್ಲ.

ಮೊದಲ ಸಭೆ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ. ಅಕ್ಕ ಬಾಗಿಲಲ್ಲೇ ಇಣುಕಿ ವಾಪಸು ಬಂದಳು.

"ಅಲ್ಲಿರೋರೆಲ್ಲ ಕುಡುಕರ ಥರಾನೇ ಕಾಣ್ತಾರೆ ಕಣೋ."

"ಮತ್ತಿನ್ಯಾರ ಥರ ಕಾಣ್ಬೇಕಿತ್ತು?"

"ನೀನು ಬಾಯ್ಮುಚ್ಚು."

ಎರಡನೆಯದು ನಮ್ಮ ಬೀದಿಯ ಕೊನೆಯಲ್ಲೇ ಇತ್ತು. ಯಾರಾದರೂ ನೋಡಿದರೆ ಏನು ಗತಿ ಅಂದರು ಮನೆಯವರು. ಹನ್ನೊಂದು ವರ್ಷ ಅದೇ ಬೀದಿಯ ಕಂಬಗಳನ್ನೆಲ್ಲ ತಬ್ಬಿಕೊಂಡು ಮನೆ ಸೇರಿದವನು ನಾನು. ಈಗ ನೆಟ್ಟಗೆ ನಡೆಯುವುದನ್ನು ಯಾರಾದರೂ ಕಂಡುಬಿಟ್ಟರೆ ಮಾನ ಹೋಗುತ್ತದಂತೆ! ಮೂರನೆಯದು ಲೈಬ್ರರಿಯ ಮಹಡಿಯಲ್ಲಿ. ಇಬ್ಬರು ವಕೀಲರು, ಒಬ್ಬ ಕಣ್ಣಿನ ಡಾಕ್ಟರು ಬರುತ್ತಾರೆಂದು ತಿಳಿದ ಮೇಲೆ ಅಕ್ಕ, "ಒಳ್ಳೇ ಮನೆತನದ ಕುಡುಕರು" ಎಂದು ಒಪ್ಪಿಗೆ ಕೊಟ್ಟಳು.

ಶನಿವಾರದ ಸಭೆಗೆ ಮನೆಯವರೂ ಬರಬಹುದಿತ್ತು. ಬಂದರು. ಮುಂದಿನ ಸಾಲಲ್ಲಿ ಅಕ್ಕ, ನನ್ನ ಹೆಂಡತಿ, ಅವಳ ತಮ್ಮ. ಈ ಬಾಮೈದ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು. ಕಲಿಯುವವರ ಪಕ್ಕ ಕೂತು ತನ್ನ ಬ್ರೇಕು ತಾನು ಒತ್ತುವುದು ಅವನ ಕೆಲಸವಾದ್ದರಿಂದ, ನನ್ನ ಪಕ್ಕ ಕುರ್ಚಿಯಲ್ಲಿ ಕೂತರೂ ಅವನ ಬಲಗಾಲು ನೆಲ ಒತ್ತುತ್ತಲೇ ಇರುತ್ತದೆ.

ಸಭೆ ನಡೆಸುತ್ತಿದ್ದವರು ಒಬ್ಬ ರಿಟೈರಾದ ಪೋಸ್ಟ್‌ಮಾಸ್ಟರು. "ಹೊಸಬರು ಎರಡು ಮಾತು ಹೇಳಿ" ಎಂದರು. ನಾನು ಎದ್ದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಕ್ಕ ಎದ್ದಾಗಿತ್ತು.

"ಇವನಿಗೆ ಸರಿಯಾಗಿ ಹೇಳೋಕ್ ಬರಲ್ಲ. ನಾನು ಹೇಳ್ತೀನಿ."

"ಅವರೇ ಹೇಳ್ಲಿ ಅಮ್ಮಾ, ಇಲ್ಲಿ ಅದೇ ಪದ್ಧತಿ" ಎಂದರು ಪೋಸ್ಟ್‌ಮಾಸ್ಟರು. ಅಕ್ಕ ಅವರನ್ನು ಒಂದು ಸಲ ನೋಡಿದಳು. ಅವರು ಕೈಕಟ್ಟಿ ಕೂತರು.

ಆವತ್ತು ಅಕ್ಕ ನನ್ನ ಬಾಲ್ಯದಿಂದ ಶುರುಮಾಡಿದಳು. ಮುಂದಿನ ವಾರ ಬಾಮೈದ, ನಾನು ಮೋರಿಗೆ ಬಿದ್ದ ಪ್ರಸಂಗವನ್ನು ಬಿದ್ದೇ ತೋರಿಸಿ ಚಪ್ಪಾಳೆ ಗಿಟ್ಟಿಸಿದ. ನಾನೂ ಬಾಯಿಬಿಟ್ಟುಕೊಂಡು ಕೇಳಿದೆ. ಕುಡಿದವನು ನಾನು, ನೆನಪಿದ್ದದ್ದು ಅವರಿಗೆ. ಹೆಂಡತಿ ಮಾತ್ರ ಕೈಚೀಲದ ಹಿಡಿ ತಿರುಚುತ್ತ ಕೂತಿರುತ್ತಿದ್ದಳು.

ಹೀಗೆ ಎಪ್ಪತ್ತೇಳು ದಿನ ಕಳೆಯಿತು. ಎಪ್ಪತ್ತೆಂಟನೆಯ ದಿನ ಕುಡಿದೆ.

ದೊಡ್ಡ ಕಾರಣವೇನೂ ಇರಲಿಲ್ಲ. ನಾನು ಕಟ್ಟುಹಲ್ಲು ಮಾಡುವವನು. ಕೈ ನಡುಗುತ್ತಿದ್ದ ಕಾಲದಲ್ಲಿ ನಾನು ಮಾಡಿದ ಒಂದು ಸೆಟ್ಟೂ ನೆಟ್ಟಗೆ ಕೂತಿರಲಿಲ್ಲ. ಆವತ್ತು ಒಬ್ಬ ಮುದುಕಿ ನನ್ನ ಹಲ್ಲು ಹಾಕಿಕೊಂಡು, ಕನ್ನಡಿ ನೋಡಿ, ಜೋರಾಗಿ ನಕ್ಕುಬಿಟ್ಟಳು. ಹಲ್ಲು ಅಲುಗಲಿಲ್ಲ. ನನಗೆ ತಡೆಯಲಾರದಷ್ಟು ಖುಷಿಯಾಯಿತು. ಖುಷಿಯಾದಾಗ ಏನು ಮಾಡಬೇಕೆಂದು ನನಗೆ ಗೊತ್ತಿದ್ದದ್ದು ಒಂದೇ. ಮೇಣ ಕರಗಿಸುವ ಸ್ಪಿರಿಟ್ ದೀಪದ ವಾಸನೆ ಮೈಗೆ ದಿನಾ ಅಂಟಿರುತ್ತಿದ್ದರಿಂದ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ಒಂದು ತೊಟ್ಟೂ ಮುಟ್ಟಲಿಲ್ಲ. ಆದರೆ ತೊಂಬತ್ತನೆಯ ದಿನ ಹತ್ತಿರವಾಗುತ್ತಿತ್ತು. ತೊಂಬತ್ತು ದಿನ ಮುಗಿಸಿದವರಿಗೆ ಒಂದು ಪದಕ ಕೊಡುತ್ತಾರೆ. ಆ ಪದಕ ತೆಗೆದುಕೊಂಡರೆ ನೇರ ಬಾರಿಗೇ ಹೋಗುತ್ತೇನೆಂದು ನನಗೆ ಖಾತ್ರಿಯಿತ್ತು. ಇಷ್ಟು ಜನರನ್ನು ಒಟ್ಟಿಗೆ ಏಮಾರಿಸಬಲ್ಲೆ ಎಂದು ಗೊತ್ತಾದ ಕುಡುಕನನ್ನು ಆಮೇಲೆ ಹಿಡಿಯುವವರು ಯಾರು? ಹೇಳಲೇಬೇಕಿತ್ತು.

ಆ ಶನಿವಾರ ಬಾಮೈದ ಕೇಕು ತಂದಿದ್ದ. ಅಕ್ಕ ನಾಲ್ಕು ಪುಟ ಭಾಷಣ ಬರೆದುಕೊಂಡು ಬಂದಿದ್ದಳು. ಪೋಸ್ಟ್‌ಮಾಸ್ಟರು ಪದಕ ಹಿಡಿದು ನನ್ನ ಹೆಸರು ಕರೆದರು. ನಾನು ಅಕ್ಕನಿಗಿಂತ ಮುಂಚೆ ಎದ್ದು ಮೇಜು ಹಿಡಿದುಕೊಂಡೆ.

"ಹನ್ನೆರಡು ದಿನದ ಹಿಂದೆ ನಾನು ಕುಡಿದೆ."

"ಸುಳ್ಳು!" ಎಂದಳು ಅಕ್ಕ.

"ಭಾವ ತಮಾಷೆ ಮಾಡ್ತಿದಾರೆ ಸಾರ್" ಎಂದು ಬಾಮೈದ ಹಲ್ಕಿರಿದ. "ಹೊಗಳಿಸಿಕೊಳ್ಳೋದಂದ್ರೆ ಸಂಕೋಚ ಅವರಿಗೆ."

"ದಿನಾ ವಿಚಾರಿಸ್ಕೋತೀನಿ ನಾನು. ನನ್ನ ಕಣ್ಣು ತಪ್ಪಿಸಿ ಇವನು ಕುಡಿಯೋದುಂಟಾ?"

"ನೀವು ಕುಡಿದಿದ್ದಕ್ಕೆ ಸಾಕ್ಷಿ ಯಾರಾದ್ರೂ ಇದಾರಾ?" ಎಂದರು ವಕೀಲರಲ್ಲೊಬ್ಬರು, ಅಭ್ಯಾಸಬಲದಿಂದ.

ಹನ್ನೊಂದು ವರ್ಷ ಕುಡಿದಿಲ್ಲ ಕುಡಿದಿಲ್ಲ ಎಂದು ಆಣೆ ಮಾಡಿದೆ, ಒಬ್ಬರೂ ನಂಬಲಿಲ್ಲ. ಈಗ ಕುಡಿದೆ ಎಂದರೂ ನಂಬುವವರಿಲ್ಲ. ಅಕ್ಕ ಪೋಸ್ಟ್‌ಮಾಸ್ಟರ ಕೈಯಿಂದ ಪದಕ ಕಿತ್ತುಕೊಂಡು ನನ್ನ ಜೇಬಿಗೆ ತುರುಕಲು ಬಂದಳು. ನನಗೆ ಅಳು ಬಂತು.

"ಅತ್ತಿಗೆ, ಕೂತ್ಕೊಳ್ಳಿ."

ನನ್ನ ಹೆಂಡತಿ ಎದ್ದು ನಿಂತಿದ್ದಳು. ಅಕ್ಕನಿಗೆ ಕೂತ್ಕೋ ಅಂದವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಇಷ್ಟು ವರ್ಷದಲ್ಲಿ ನಾನು ಕೇಳದೇನೆ ಈ ಮನುಷ್ಯ ನಿಜ ಹೇಳಿದ್ದು ಇದೇ ಮೊದಲು. ಇದೊಂದನ್ನಾದ್ರೂ ಅವರೇ ಹೇಳ್ಲಿ."

ಅಕ್ಕ ಕೂತಳು. ಬಾಮೈದ ಕೇಕಿನ ಡಬ್ಬಿ ಮುಚ್ಚಿದ. ಪೋಸ್ಟ್‌ಮಾಸ್ಟರು ಪದಕವನ್ನು ವಾಪಸು ಇಸಕೊಂಡು ಡ್ರಾಯರಿಗೆ ಹಾಕಿದರು. ಹೆಂಡತಿ ನನ್ನತ್ತ ತಿರುಗಿದಳು. ಕಣ್ಣು ತುಂಬಿತ್ತು, ಸಿಟ್ಟೂ ಇತ್ತು.

"ಹೇಳ್ರೀ. ಯಾಕೆ ಕುಡಿದ್ರಿ?"

"ಆವತ್ತು ನನಗೆ ತುಂಬಾ ಖುಷಿಯಾಗಿತ್ತು ಕಣೇ" ಎಂದೆ. "ಮನೆಗೆ ಬಂದು ಯಾರಿಗೆ ಹೇಳ್ಬೇಕೋ ಗೊತ್ತಾಗ್ಲಿಲ್ಲ."